ಟೀ ಟ್ರೀ ಆಯಿಲ್ ಮನೇಲಿ ಹೆಂಗೆ ಬಳಸೋದು, ಎಲ್ಲೆಲ್ಲಿ ಬೇಡ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಾವು ಶಿಡ್ಲಘಟ್ಟದ ಹತ್ರ ಹಳ್ಳಿಯವ್ರು, ರೇಷ್ಮೆ ಹುಳು ಸಾಕ್ತೀವಿ. ಮಗನಿಗೆ 16 ವರ್ಷ, ಮುಖದ ತುಂಬಾ ಮೊಡವೆ. ಮೊಬೈಲಲ್ಲಿ ವಿಡಿಯೋ ನೋಡಿ ಟೀ ಟ್ರೀ ಆಯಿಲ್ ತರಿಸ್ಕೊಂಡು ಹತ್ತೀಲಿ ಅದ್ದಿ ಹಾಗೇ ಹಚ್ಕೊಂಡ, ನಾಲ್ಕೈದು ದಿನಕ್ಕೆ ಕೆನ್ನೆ ಕೆಂಪಾಗಿ ಉರೀತಿದೆ, ಸಿಪ್ಪೆ ಏಳ್ತಿದೆ. ಆದ್ರೆ ಅದು ತುಂಬಾ ಒಳ್ಳೇ ಎಣ್ಣೆ ಅಂತ ಎಲ್ರೂ ಹೇಳ್ತಾರೆ. ಮಗಳಿಗೆ ತಲೆಹೊಟ್ಟು, ನಮ್ಮತ್ತೆಗೆ ಶುಗರ್ ಇದೆ, ಕಾಲ್ಬೆರಳ ಸಂದಿ ಬೆಳ್ಳಗಾಗಿ ಕೊಳೆತ ಹಾಗಿದೆ, ನಮ್ ಯಜಮಾನ್ರಿಗೆ ಹುಳು ಮನೆ ಕೆಲಸ ಮಾಡಿ ಮಾಡಿ ಕೈ ಒಡೆದು ಉರಿ. ಇವರಿಗೆಲ್ಲಾ ಹಾಕ್ಬೋದಾ, ಎಷ್ಟು ಹಾಕ್ಬೇಕು? ನೆಲ ಒರೆಸೋ ನೀರಿಗೆ, ಹುಳು ಮನೆಗೆ ಸಿಂಪಡಿಸ್ಬೋದಾ? ಮನೇಲಿ ನಾದಿನಿ ಮಗು ಇದೆ, ಎರಡು ವರ್ಷದ್ದು, ಒಂದು ಬೆಕ್ಕೂ ಇದೆ. ಮಗು ಕಿವಿ ನೋವಿಗೂ ಒಂದು ತೊಟ್ಟು ಬಿಡಿ ಅಂತ ಯಾರೋ ಅಂದ್ರು.

ಉತ್ತರ: ಅಮ್ಮ, ಕೊನೇ ಮಾತಿಗೆ ಮೊದ್ಲು ಉತ್ತರ ಹೇಳ್ಬಿಡ್ತೀನಿ, ಮಗು ಕಿವಿಗೆ ಈ ಎಣ್ಣೆ ಒಂದು ತೊಟ್ಟೂ ಬೇಡ. ಕಿವಿ ತಮಟೇಲಿ ತೂತು ಇದ್ಯೋ ಇಲ್ವೋ ಹೊರಗಿಂದ ನೋಡಿದ್ರೆ ನಮಗೂ ನಿಮಗೂ ಗೊತ್ತಾಗಲ್ಲ, ಈ ಎಣ್ಣೆ ಒಳಗಿವಿಗೆ ಇಳಿದ್ರೆ ಕೇಳಿಸೋ ಶಕ್ತಿಗೇ ಏಟು ಬೀಳ್ಬೋದು ಅಂತ ಪ್ರಾಣಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ ಕಂಡಿದೆ. ಮಗು ಕಿವಿ ಹಿಡ್ಕೊಂಡು ಅಳ್ತಿದ್ರೆ ಡಾಕ್ಟ್ರಿಗೆ ತೋರಿಸಿ, ಅಷ್ಟೇ.

ಇನ್ನು ಮಗನ ವಿಷ್ಯ. ಎಣ್ಣೆ ಇವತ್ತೇ ನಿಲ್ಸಿ. ಮುಖಾನ ತಣ್ಣೀರಲ್ಲಿ ಮೆತ್ತಗೆ ತೊಳೀಲಿ, ಒಂದು ವಾರ ಸ್ಕ್ರಬ್ಬು, ನಿಂಬೆಹಣ್ಣು, ಅರಿಶಿನ, ಮೊಡವೆ ಕ್ರೀಮು ಯಾವ್ದೂ ಬೇಡ, ವಾಸನೆ ಇಲ್ಲದ ಸಾದಾ ಮಾಯಿಶ್ಚರೈಸರ್ ಹಚ್ಲಿ, ತೀರಾ ಸಿಪ್ಪೆ ಎದ್ದಿರೋ ಜಾಗಕ್ಕೆ ಮಾತ್ರ ತೆಳ್ಳಗೆ ವ್ಯಾಸ್ಲಿನ್. ಮೆಡಿಕಲ್ ಶಾಪಲ್ಲಿ ಕೆಂಪಗಾಗಿದೆ ಅಂತ ಹೇಳಿದ ತಕ್ಷಣ ಒಂದು ಟ್ಯೂಬ್ ಕೊಡ್ತಾರೆ ನೋಡಿ, ಎರಡೇ ದಿನದಲ್ಲಿ ಕಮ್ಮಿ ಆಗುತ್ತೆ ಅಂತ, ಅದ್ರಲ್ಲಿ ಎಷ್ಟೋ ಸಲ ಜೋರು ಸ್ಟೀರಾಯ್ಡ್ ಇರುತ್ತೆ, ಮುಖಕ್ಕೆ ಅದನ್ನ ದಿನಾ ಹಚ್ತಾ ಹೋದ್ರೆ ಚರ್ಮ ತೆಳ್ಳಗಾಗಿ ಮೊಡವೆ ಇನ್ನೂ ಜಾಸ್ತಿ ಆಗುತ್ತೆ, ಬಿಟ್ಟ ತಕ್ಷಣ ಮುಖ ಉರಿಯೋಕೆ ಶುರು ಆಗುತ್ತೆ. ದಯವಿಟ್ಟು ಅದನ್ನ ತರ್ಬೇಡಿ.

ಒಂದು ವಿಷ್ಯ ಮಗನ್ನೇ ಕೂರಿಸ್ಕೊಂಡು ಕೇಳಿ. ಹಚ್ಚಿದ ದಿನದಿಂದಾನೇ ಚುರುಚುರು ಉರಿ ಇತ್ತಾ, ಕೆಂಪಾಗಿರೋದು ಎಣ್ಣೆ ಬಿದ್ದ ಜಾಗದಲ್ಲಿ ಮಾತ್ರಾನಾ? ಹಾಗಿದ್ರೆ ಅದು ಎಣ್ಣೆ ಜೋರಾಗಿ ಚರ್ಮ ಕೆರಳಿರೋದು, ವಾಸಿ ಆಗುತ್ತೆ, ಮುಂದೆ ತೆಳು ಮಾಡಿ ಹಚ್ಕೊಂಡ್ರೆ ತೊಂದ್ರೆ ಆಗದೇ ಇರ್ಬೋದು. ಮೊದ್ಲು ಎರಡ್ಮೂರು ದಿನ ಏನೂ ಇಲ್ದೆ ಆಮೇಲೆ ನವೆ ಶುರುವಾಗಿ, ಸಣ್ಣ ಸಣ್ಣ ನೀರು ಗುಳ್ಳೆ ಬಂದು, ಎಣ್ಣೆ ಹಚ್ಚದೇ ಇರೋ ಕಣ್ಣು ರೆಪ್ಪೆ, ಕುತ್ತಿಗೆ ಕಡೆಗೂ ಹರಡಿದ್ರೆ ಅದು ಅಲರ್ಜಿ. ಅಲರ್ಜಿ ಒಂದ್ಸಲ ಬಂತು ಅಂದ್ರೆ ಸಾಮಾನ್ಯವಾಗಿ ಹೋಗೋದಿಲ್ಲ, ಆಮೇಲೆ ಟೀ ಟ್ರೀ ಇರೋ ಫೇಸ್‌ವಾಶು, ಶಾಂಪು, ಸೋಪು ಎಲ್ಲಾನೂ ಬಿಡ್ಬೇಕಾಗುತ್ತೆ, ಸ್ವಲ್ಪ ಹಾಕಿದ್ರೆ ಏನಾಗುತ್ತೆ ಅನ್ನೋ ಹಾಗಿಲ್ಲ. ಕಣ್ಣು ಊದ್ಕೊಂಡ್ರೆ, ನೀರು ಸೋರಿದ್ರೆ, ಅಥವಾ ವಾರ ಆದ್ರೂ ಕೆಂಪು ಇಳೀದಿದ್ರೆ ಚರ್ಮದ ಡಾಕ್ಟ್ರಿಗೆ ತೋರಿಸ್ಲೇಬೇಕು.

ಎಣ್ಣೆ ಕೆಟ್ಟದ್ದಾ ಅಂದ್ರೆ ಅಲ್ಲ, ನನಗೆ ಅದ್ರ ಮೇಲೆ ಗೌರವ ಇದೆ. ನಮ್ಮ ಕೋಲಾರ, ಚಿಕ್ಕಬಳ್ಳಾಪುರ ಕಡೆ ನೀಲಗಿರಿ ತೋಪು ನೋಡದೋರು ಯಾರಿದ್ದಾರೆ, ಟೀ ಟ್ರೀನೂ ಆ ನೀಲಗಿರಿ ಕುಟುಂಬದ್ದೇ, ಅದರ ಹಾಗೇ ಆಸ್ಟ್ರೇಲಿಯಾದ ಗಿಡ, ನಮ್ಮ ಸೀಬೆ, ನೇರಳೆ, ಲವಂಗನೂ ಅದೇ ಕುಟುಂಬ. ನ್ಯೂ ಸೌತ್ ವೇಲ್ಸ್‌ನ ಬಂಡ್ಜಲಂಗ್ ಅನ್ನೋ ಮೂಲನಿವಾಸಿ ಜನ ಇದರ ಸೊಪ್ಪು ಜಜ್ಜಿ ಗಾಯಕ್ಕೆ, ನೆಗಡಿಗೆ ಬಳಸ್ತಿದ್ರು, 1920ರ ದಶಕದಲ್ಲಿ ಪೆನ್‌ಫೋಲ್ಡ್ ಅನ್ನೋ ಸಿಡ್ನಿ ವಿಜ್ಞಾನಿ ಇದು ಕ್ರಿಮಿ ಕೊಲ್ಲುತ್ತೆ ಅಂತ ಪರೀಕ್ಷೆ ಮಾಡಿ ಬರೆದ್ರು. ಆದ್ರೆ ಅವರು ಬಳಸ್ತಿದ್ದಿದ್ದು ಸೊಪ್ಪು, ನಿಮ್ಮ ಬಾಟ್ಲಿಯಲ್ಲಿರೋದು ಆ ಸೊಪ್ಪನ್ನ ಹಬೆ ಕೊಟ್ಟು ಬಟ್ಟಿ ಇಳಿಸಿ ತೆಗೆದ ಎಣ್ಣೆ. ನೂರು ಕೆಜಿ ಹಸಿ ಸೊಪ್ಪಿಗೆ ಬರೋದು ಒಂದೆರಡು ಕೆಜಿ ಎಣ್ಣೆ ಮಾತ್ರ. ಅಂದ್ರೆ ನಿಮ್ಮ ಮಗ ಹತ್ತೀಲಿ ಅದ್ದಿ ಹಚ್ಕೊಂಡಿದ್ದು ಕೈತುಂಬಾ ಸೊಪ್ಪಿನ ಸತ್ವ, ಅದೂ ನೇರವಾಗಿ ಮುಖದ ಚರ್ಮಕ್ಕೆ, ದಿನಾ. ಗಿಡದ್ದು ಅಂತ ಅಳತೆ ಬೇಡ ಅನ್ಕೊಂಡ್ಬಿಡ್ತಾರೆ ಜನ. ಇದಕ್ಕೆ ಮಾತ್ರೆಗಿರೋ ಹಾಗೇನೇ ಡೋಸ್ ಇದೆ.

ಆ ಡೋಸ್ ಎಷ್ಟು ಅಂತ ಹೇಳೋಕೆ ಪುರಾವೆ ಇದೆ. ಮೊಡವೆ ಮೇಲೆ 1990ರಲ್ಲಿ ಆಸ್ಟ್ರೇಲಿಯಾದಲ್ಲಿ 124 ಜನರ ಮೇಲೆ ಪರೀಕ್ಷೆ ಮಾಡಿದ್ರು, ಅರ್ಧ ಜನಕ್ಕೆ 5% ಟೀ ಟ್ರೀ ಜೆಲ್, ಇನ್ನರ್ಧಕ್ಕೆ ನಾವು ಡಾಕ್ಟ್ರುಗಳು ಬರೆಯೋ ಬೆಂಜಾಯ್ಲ್ ಪೆರಾಕ್ಸೈಡ್ 5%. ಎರಡ್ರಲ್ಲೂ ಮೊಡವೆ ಕಮ್ಮಿ ಆಯ್ತು, ಟೀ ಟ್ರೀ ನಿಧಾನ, ಆದ್ರೆ ಒಣಗೋದು ಉರಿಯೋದು ಅದ್ರಲ್ಲಿ ಕಮ್ಮಿ. ಗಮನಿಸಿ, 5%. ಬಾಟ್ಲಿಯಲ್ಲಿರೋದು 100%. ವಿಡಿಯೋ ಮಾಡೋರು ಆ ಪರೀಕ್ಷೆ ಫಲ ಹೇಳ್ತಾರೆ, ಅಳತೆ ಹೇಳೋದನ್ನ ಬಿಟ್ಟುಬಿಡ್ತಾರೆ, ನಂಗೆ ಬೇಜಾರಾಗೋದು ಅಲ್ಲೇ.

ಅಳತೆ ಮನೇಲಿ ಮಾಡೋದು ಸುಲಭ. ಡ್ರಾಪರ್‌ನಿಂದ ಬೀಳೋ ಹನಿ ಹೆಚ್ಚುಕಮ್ಮಿ 20 ಸೇರಿದ್ರೆ ಒಂದು ಎಂಎಲ್. ಕೆಮ್ಮಿನ ಸಿರಪ್ ಜೊತೆ ಬರೋ ಸಣ್ಣ ಲೋಟ ಇರುತ್ತಲ್ಲ, ಅದ್ರಲ್ಲಿ 5 ಎಂಎಲ್ ಗೆರೆ ಇರುತ್ತೆ, ಆ ಗೆರೆವರೆಗೆ ಕೊಬ್ಬರಿ ಎಣ್ಣೆನೋ ಲೋಷನ್ನೋ ಹಾಕಿ ಒಂದು ಹನಿ ಟೀ ಟ್ರೀ ಬಿಟ್ರೆ ಅದು ಸುಮಾರು 1%, ಎರಡು ಹನಿ ಬಿಟ್ರೆ 2%, ಐದು ಹನಿಗೆ 5%. ಇಷ್ಟು ನೆನಪಿಟ್ಕೊಂಡ್ರೆ ಸಾಕು. ಮೊದಲ ಸಲ ಬಳಸೋರಿಗೆ 1 ಅಥವಾ 2 ಸಾಕು, 5ರ ಮೇಲೆ ಮನೇಲಿ ಹೋಗೋದೇ ಬೇಡ. ಆ ಲೋಟಾನ ಮತ್ತೆ ಔಷಧಿ ಕುಡಿಯೋಕೆ ಬಳಸ್ಬೇಡಿ, ಬೇರೆ ಇಡಿ.

ಏನರಲ್ಲಿ ಬೆರೆಸೋದು ಅನ್ನೋದೂ ಮುಖ್ಯಾನೇ. ಮೊಡವೆ ಇರೋ ಮುಖಕ್ಕೆ ಕೊಬ್ಬರಿ ಎಣ್ಣೆ ಹೊಂದಲ್ಲ, ರಂಧ್ರ ಕಟ್ಟಿ ಮೊಡವೆ ಜಾಸ್ತಿ ಆಗ್ಬೋದು, ಅದಕ್ಕೆ ಮುಖಕ್ಕಾದ್ರೆ ಸಾದಾ ಲೋಷನ್ನಲ್ಲಿ ಬೆರೆಸಿ, ಅದಕ್ಕಿಂತ ಒಳ್ಳೇದು ಅಂದ್ರೆ 5% ಅಂತ ಬರೆದಿರೋ ರೆಡಿ ಜೆಲ್ಲೋ ಫೇಸ್‌ವಾಶೋ ತಗೊಳ್ಳೋದು, ಮನೇಲಿ ಬೆರೆಸೋ ಕಷ್ಟಾನೇ ಇಲ್ಲ. ಕೈಕಾಲಿಗಾದ್ರೆ ಕೊಬ್ಬರಿ ಎಣ್ಣೆ ಚೆನ್ನಾಗೇ ಇದೆ. ನೀರಲ್ಲಿ ಮಾತ್ರ ಬೆರೆಸ್ಬೇಡಿ. ಸ್ನಾನದ ಬಕೆಟ್‌ಗೆ ಹತ್ತು ಹನಿ ಬಿಟ್ರೆ ತೆಳು ಆಯ್ತು ಅಂತ ಅನ್ಸುತ್ತೆ, ಆದ್ರೆ ಎಣ್ಣೆ ನೀರಲ್ಲಿ ಕರಗಲ್ಲವಲ್ಲ, ಮೇಲೆ ತೇಲ್ತಾ ಇರುತ್ತೆ, ಚೊಂಬಲ್ಲಿ ಮೊಗೆದು ಹುಯ್ಕೊಂಡಾಗ ಅದೇ 100% ಎಣ್ಣೆ ಬಂದು ಚರ್ಮಕ್ಕೆ, ಗುಪ್ತಾಂಗಕ್ಕೆ, ಕಣ್ಣಿಗೆ ಅಂಟ್ಕೊಳುತ್ತೆ.

ಬೆರೆಸಿದ್ದನ್ನೂ ಸೀದಾ ಮುಖಕ್ಕೆ ಬೇಡ. ಮೊಣಕೈ ಒಳಭಾಗದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಬೆಳಗ್ಗೆ ಸಂಜೆ ಹಚ್ಚಿ, ನಾಲ್ಕೈದು ದಿನ ನೋಡಿ. ಒಂದು ಗಂಟೆ ನೋಡಿ ಏನೂ ಆಗ್ಲಿಲ್ಲ ಅಂತ ಹಚ್ಕೊಂಡುಬಿಡೋರೇ ಜಾಸ್ತಿ, ಅಲರ್ಜಿ ತೋರಿಸ್ಕೊಳೋಕೆ ಎರಡ್ಮೂರು ದಿನ ಬೇಕು. ನಿಮ್ಮ ಮಗನಿಗಾದ್ರೆ ಮುಖ ಪೂರ್ತಿ ವಾಸಿ ಆಗಿ ಒಂದು ತಿಂಗಳಾದ್ರೂ ಕಳೀಲಿ, ಆಮೇಲೆ ಈ ಟೆಸ್ಟು. ಮೇಲೆ ಹೇಳಿದ ಅಲರ್ಜಿ ಲಕ್ಷಣ ಇದ್ರೆ ಟೆಸ್ಟೂ ಬೇಡ. ಇನ್ನೊಂದು ಮಾತು, ಮೊಡವೆ ಒಳಗೆ ಗಂಟು ಗಂಟಾಗಿದ್ರೆ, ಹಳ್ಳ ಬೀಳ್ತಿದ್ರೆ ಯಾವ ಎಣ್ಣೆನೂ ಕಾಯ್ಕೊಂಡು ಕೂರ್ಬೇಡಿ, ಕಲೆ ಬಿದ್ಮೇಲೆ ತೆಗೆಯೋದು ಕಷ್ಟ, ಮೊದ್ಲೇ ತೋರಿಸಿದ್ರೆ ಒಳ್ಳೇ ಚಿಕಿತ್ಸೆ ಇದೆ.

ಈಗ ನಾನು ನಿಮ್ಮತ್ರ ಆ ಬಾಟ್ಲಿ ಕೈಗೆ ತಗೊಳ್ಳಿ ಅಂತ ಕೇಳ್ತೀನಿ. ಯಾವಾಗ ಬಿಚ್ಚಿದ್ದು? ಎಲ್ಲಿಟ್ಟಿದ್ರಿ? ನಾನು ಈ ಎಣ್ಣೆಯಿಂದ ಚರ್ಮ ಕೆಡಿಸ್ಕೊಂಡು ಬಂದೋರನ್ನೆಲ್ಲಾ ಬಾಟ್ಲಿ ತಂದು ತೋರ್ಸಿ ಅಂತೀನಿ, ತಂದದ್ದು ನೋಡಿದ್ರೆ ಮುಚ್ಚಳ ಅರ್ಧ ಸಡಿಲ, ತಳದಲ್ಲಿ ಕಾಲುಭಾಗ ಎಣ್ಣೆ, ಲೇಬಲ್ ಮೇಲೆ ಎಣ್ಣೆ ಇಳಿದು ತಾರೀಖು ಅಳಿಸಿರುತ್ತೆ, ಇಟ್ಟಿದ್ದು ಬಚ್ಚಲ ಕಿಟಕಿ ಮೇಲೆ. ಇದು ಸಣ್ಣ ವಿಷ್ಯ ಅಲ್ಲ. ಗಾಳಿ, ಬೆಳಕು, ಬಿಸಿ ಮೂರೂ ಸೇರಿ ಈ ಎಣ್ಣೆ ಆಕ್ಸಿಡೈಸ್ ಆಗುತ್ತೆ, ಒಳಗೆ ಪೆರಾಕ್ಸೈಡು, ಅಸ್ಕರಿಡೋಲ್ ಥರದ ಹೊಸ ವಸ್ತುಗಳು ಹುಟ್ಕೊಳುತ್ವೆ, ಅಲರ್ಜಿ ತರೋದ್ರಲ್ಲಿ ತಾಜಾ ಎಣ್ಣೆಗಿಂತ ಇವು ಎಷ್ಟೋ ಜೋರು. ಅರ್ಧ ಖಾಲಿ ಬಾಟ್ಲಿಯಲ್ಲಿ ಗಾಳಿ ಜಾಸ್ತಿ, ಅದಕ್ಕೆ ಅದು ಬೇಗ ಕೆಡುತ್ತೆ. ನಮ್ಮ ಕಡೆ ಏಪ್ರಿಲ್ ಬಿಸಿಲಿಗೆ ಶೀಟಿನ ಮನೇಲಿ, ಕಿಟಕಿ ಹತ್ರ ಇಟ್ರೆ ಇನ್ನೂ ಬೇಗ. ವಾಸನೆ ಮೊದಲಿನ ಹಾಗಿಲ್ದೆ ಟರ್ಪೆಂಟೈನ್ ಥರ ಮೂಗಿಗೆ ಹೊಡೆದ್ರೆ, ಎಣ್ಣೆ ದಪ್ಪ ಆದ ಹಾಗೆ ಕಂಡ್ರೆ ಅದು ಚರ್ಮಕ್ಕೆ ಆಗಲ್ಲ. ವಾಸನೇಲಿ ಗೊತ್ತಾಗದೇನೂ ಕೆಟ್ಟಿರ್ಬೋದು, ಅದಕ್ಕೆ ನಾನು ಹೇಳೋದು, ತಂದ ದಿನ ಬಾಟ್ಲಿ ಮೇಲೆ ಮಾರ್ಕರ್ ಪೆನ್ನಲ್ಲಿ ಬಿಚ್ಚಿದ ತಾರೀಖು ಬರೀರಿ, ಆರು ತಿಂಗಳಾದ್ಮೇಲೆ ಎಷ್ಟೇ ಉಳಿದಿದ್ರೂ ಮೈಗೆ ಬೇಡ. ಆಫರ್ ಇದೆ ಅಂತ 100 ಎಂಎಲ್ ತಗೊಳ್ಳೋದಕ್ಕಿಂತ 10 ಎಂಎಲ್ ತಗೊಳ್ಳಿ.

ತಗೊಳ್ಳುವಾಗ ಕಂದು ಗಾಜಿನ ಬಾಟ್ಲಿನೇ ಇರ್ಲಿ, ಮೇಲೆ ಮೆಲಲೂಕ ಆಲ್ಟರ್ನಿಫೋಲಿಯಾ ಅನ್ನೋ ಗಿಡದ ಹೆಸರು, ಬ್ಯಾಚ್ ನಂಬರು, ಎಕ್ಸ್‌ಪೈರಿ ಇರ್ಲಿ. ಬರೀ ಫ್ರಾಗ್ರೆನ್ಸ್ ಆಯಿಲ್ ಅಂತ ಇದ್ರೆ ಅದು ಪರಿಮಳಕ್ಕೆ, ಮೈಗಲ್ಲ. ಕ್ರಿಮಿ ಕೊಲ್ಲೋ ಕೆಲಸ ಮುಖ್ಯವಾಗಿ ಮಾಡೋದು ಟರ್ಪಿನೆನ್-4-ಆಲ್ ಅನ್ನೋ ಅಂಶ, ಕೆಲವು ಕಂಪನಿಯವರು ಅದು ಎಷ್ಟಿದೆ ಅಂತ ಬರೆದಿರ್ತಾರೆ, 35%ಗಿಂತ ಮೇಲಿದ್ರೆ ಒಳ್ಳೇದು.

ಮಗಳ ತಲೆಹೊಟ್ಟಿಗೆ ಬಳಸ್ಬೋದು, ಇದಕ್ಕೂ ಪರೀಕ್ಷೆ ಆಗಿದೆ, 2002ರಲ್ಲಿ 126 ಜನಕ್ಕೆ 4 ವಾರ 5% ಟೀ ಟ್ರೀ ಶಾಂಪು ಕೊಟ್ಟು ನೋಡಿದಾಗ ಹೊಟ್ಟು 41% ಇಳೀತು, ಸುಮ್ನೆ ಶಾಂಪು ಹಾಕಿದೋರಿಗೆ 11%. ಆದ್ರೆ ಕೊಬ್ಬರಿ ಎಣ್ಣೇಲಿ ಬೆರೆಸಿ ರಾತ್ರಿಯೆಲ್ಲಾ ಬಿಡೋದು ಬೇಡ, ಹೊಟ್ಟಿಗೆ ಕಾರಣ ಆಗೋ ಮಲಸೇಜಿಯಾ ಅನ್ನೋ ಫಂಗಸ್ ಎಣ್ಣೆ ಜಿಡ್ಡು ತಿಂದೇ ಬೆಳೆಯೋದು. ಶಾಂಪುವಿನಲ್ಲೇ ಬೆರೆಸಿ, 5 ಎಂಎಲ್ ಶಾಂಪುಗೆ ಮೊದ್ಲು ಎರಡು ಹನಿ, ಒಗ್ಗಿದ್ರೆ ಆಮೇಲೆ ಐದು, ಬುಡಕ್ಕೆ ಹಚ್ಚಿ ಮೂರು ನಿಮಿಷ ಬಿಟ್ಟು ಕಣ್ಣು ಮುಚ್ಕೊಂಡು ಚೆನ್ನಾಗಿ ತೊಳೀಲಿ. ಅಂಗಡೀಲಿ ಸಿಗೋ, ಫಂಗಸ್ ಕೊಲ್ಲೋ ಕೀಟೋಕೊನಜೋಲ್ ಶಾಂಪುನೂ ಚೆನ್ನಾಗಿ ಕೆಲಸ ಮಾಡುತ್ತೆ.

ಅತ್ತೆಯವರ ಕಾಲಿಗೆ ಬೇಡ. ನಮ್ಕಡೆ ಕೆಸರುಹುಣ್ಣು ಅಂತ ಹೇಳೋ ಈ ಬೆರಳಸಂದಿ ಫಂಗಸ್‌ಗೆ ಟೀ ಟ್ರೀ ಸ್ವಲ್ಪ ಮಟ್ಟಿಗೆ ಕೆಲಸ ಮಾಡುತ್ತೆ ಅಂತ ಪರೀಕ್ಷೇಲಿ ಕಂಡಿದೆ ನಿಜ, ಆದ್ರೆ ಅದಕ್ಕೆ ಬಳಸಿದ್ದು 25%, 50% ಅಳತೆ, ಅದ್ರಲ್ಲೇ ಕೆಲವರಿಗೆ ಚರ್ಮ ಉರಿದು ಬಿಟ್ಟುಬಿಡ್ಬೇಕಾಯ್ತು. ಶುಗರ್ ಹಳೇದಾದ್ರೆ ಕಾಲಲ್ಲಿ ಸ್ಪರ್ಶ ಕಮ್ಮಿ ಇರುತ್ತೆ, ಎಣ್ಣೆ ಸುಡ್ತಿದ್ರೂ ಅವರಿಗೆ ಗೊತ್ತೇ ಆಗಲ್ಲ, ಸಣ್ಣ ಬಿರುಕು ದೊಡ್ಡ ಗಾಯ ಆಗ್ಬಿಡುತ್ತೆ. ದಿನಾ ಬೆರಳ ಸಂದಿ ಹತ್ತಿ ಬಟ್ಟೇಲಿ ಒತ್ತಿ ಒಣಗ್ಸಿ, ಡಾಕ್ಟ್ರಿಗೆ ತೋರಿಸಿ ಕ್ಲೋಟ್ರಿಮಜೋಲ್ ಥರದ ಫಂಗಸ್ ಕ್ರೀಮ್ ಬರೆಸ್ಕೊಳ್ಳಿ, ಹಾಗೇ ಶುಗರ್ ಎಷ್ಟಿದೆ ನೋಡಿಸಿ. ತೊಡೆ ಸಂದಿ ಹುಳುಕಡ್ಡಿಗೂ ಇದೇ ಮಾತು, ಈಗ ನಮ್ಮ ದೇಶದಲ್ಲಿ ಓಡಾಡ್ತಿರೋ ಫಂಗಸ್ ಮೊಂಡು ಜಾತಿ, ಎಣ್ಣೆಗೆ ಬಗ್ಗಲ್ಲ, ಕೋರ್ಸ್ ಪೂರ್ತಿ ಮಾತ್ರೆ ಬೇಕಾಗುತ್ತೆ.

ನಿಮ್ಮ ಯಜಮಾನ್ರ ಕೈ ಬಗ್ಗೆ ಓದಿದಾಗ ನಂಗೆ ಹೊಳೆದದ್ದು ಬೇರೆ. ಬೆಳೆ ಎತ್ತಿದ್ಮೇಲೆ ಹುಳು ಮನೆ ಶುದ್ಧಿಗೆ ಬ್ಲೀಚಿಂಗ್ ಪೌಡರು, ಸುಣ್ಣ ಬರಿಗೈಲಿ ಕಲಿಸ್ತಾರಾ? ತಟ್ಟೆ, ಹುಳು ಗೂಡು ಕಟ್ಟೋ ಚಂದ್ರಿಕೆ ಅದೇ ನೀರಲ್ಲಿ ತೊಳೀತಾರಾ? ಹಾಗಿದ್ರೆ ಅವರಿಗೆ ಫಂಗಸ್ಸೇ ಅಲ್ದೆ ಇರ್ಬೋದು, ಸುಣ್ಣ ಬ್ಲೀಚಿಂಗ್‌ಗೆ ಚರ್ಮದ ಜಿಡ್ಡೆಲ್ಲಾ ಹೋಗಿ ಒಡೆದಿರೋದು. ಹೆಬ್ಬೆರಳು ತುದಿ, ಗೆಣ್ಣು ಮೇಲೆಲ್ಲಾ ಸೀಳು ಬಿಟ್ಟಿದ್ರೆ ಬಹುತೇಕ ಅದೇ. ಒಡೆದ ಚರ್ಮದ ಮೇಲೆ ಟೀ ಟ್ರೀ ಹಾಕಿದ್ರೆ ಉರಿ ಹತ್ತುತ್ತೆ, ಒಳಗೂ ಜಾಸ್ತಿ ಹೀರ್ಕೊಳುತ್ತೆ. ಒಳಗೆ ಹತ್ತಿ ಗ್ಲೌಸು, ಮೇಲೆ ರಬ್ಬರ್ ಗ್ಲೌಸು ಹಾಕ್ಕೊಂಡು ಕೆಲಸ ಮಾಡ್ಲಿ, ರಾತ್ರಿ ಮಲಗೋ ಮುಂಚೆ ಕೈಗೆ ಧಾರಾಳವಾಗಿ ವ್ಯಾಸ್ಲಿನ್ನೋ ಕೊಬ್ಬರಿ ಎಣ್ಣೆನೋ ಹಚ್ಲಿ, ಎರಡು ವಾರದಲ್ಲಿ ವ್ಯತ್ಯಾಸ ಕಾಣ್ಸುತ್ತೆ.

ಹುಳು ಮನೆಗೆ ಸಿಂಪಡಿಸೋ ಯೋಚ್ನೆ ಪೂರ್ತಿ ಬಿಡಿ. ಈ ಎಣ್ಣೆ ಕೀಟಗಳಿಗೆ ವಿಷ, ಸೊಳ್ಳೆ ಓಡಿಸೋಕೆ ಹೇನಿಗೆ ಅಂತ ಜನ ಬಳಸೋದೇ ಅದಕ್ಕೆ, ರೇಷ್ಮೆ ಹುಳುನೂ ಕೀಟಾನೇ ಅಲ್ವಾ. ಹೊಗೆಸೊಪ್ಪು ಮುಟ್ಟಿದ ಕೈಲಿ ಸೊಪ್ಪು ಹಾಕ್ಬೇಡ, ಸೊಳ್ಳೆ ಬತ್ತಿ ಹಚ್ಬೇಡ ಅಂತ ನಿಮ್ಮನೇಲೇ ಹಿರಿಯರು ಹೇಳಿರ್ತಾರೆ, ಇದೂ ಅದೇ ಲೆಕ್ಕ. ಟೀ ಟ್ರೀ ಹಚ್ಕೊಂಡಿರೋರು ಕೈ ಸೋಪಲ್ಲಿ ತೊಳೀದೆ ಹಿಪ್ಪುನೇರಳೆ ಸೊಪ್ಪು ಮುಟ್ಟೋದೂ ಬೇಡ. ಶುದ್ಧಿಗೆ ರೇಷ್ಮೆ ಇಲಾಖೆಯವ್ರು ಹೇಳಿದ್ದೇ ಮಾಡಿ.

ನೆಲ ಒರೆಸೋ ನೀರಿಗೂ ಬೇಡ, ಕಾರಣ ನಿಮ್ಮ ಬೆಕ್ಕು. ಈ ಎಣ್ಣೆ ಅಂಶಾನ ಕರಗಿಸಿ ಹೊರಗೆ ಹಾಕೋ ಶಕ್ತಿ ಬೆಕ್ಕಿನ ಲಿವರ್‌ಗೆ ತುಂಬಾ ಕಮ್ಮಿ. ಒರೆಸಿದ ನೆಲದ ಮೇಲೆ ಓಡಾಡುತ್ತೆ, ಆಮೇಲೆ ಕೂತ್ಕೊಂಡು ಕಾಲು ನೆಕ್ಕುತ್ತೆ, ಅಷ್ಟರಲ್ಲಿ ಹೊಟ್ಟೆಗೆ ಹೋಯ್ತು. ಚಿಗಟಕ್ಕೆ ಅಂತ ಬೆಕ್ಕು ನಾಯಿ ಮೈಗೆ ಈ ಎಣ್ಣೆ ಹಚ್ಚಿ, ಅವು ನಡುಗಿ, ಜೊಲ್ಲು ಸುರಿಸಿ, ಹಿಂಗಾಲು ಬಿದ್ದು, ಸತ್ತಿರೋದೂ ದಾಖಲಾಗಿದೆ. ನಿಮ್ಮ ಬೆಕ್ಕು ಹಾಗೇನಾದ್ರೂ ಮಾಡಿದ್ರೆ ಪಶು ಆಸ್ಪತ್ರೆಗೆ ಒಯ್ಯಿರಿ, ಏನು ತಗುಲಿದೆ ಅಂತ ಹೇಳಿ. ವಾಸನೆ ಗಾಳಿಗೆ ಹರಡೋ ಡಿಫ್ಯೂಸರ್ ಯಂತ್ರದಲ್ಲಿ ಹಾಕಿ ಬಾಗಿಲು ಮುಚ್ಚಿ ಕೂರೋದೂ ಮಗು, ಬೆಕ್ಕು, ಅಸ್ತಮಾ ಇರೋರು ಇರೋ ಮನೇಲಿ ಬೇಡ. ದೀಪ, ಒಲೆ ಹತ್ರ ಬಾಟ್ಲಿ ಇಡ್ಬೇಡಿ, ಬೆಂಕಿ ಹತ್ಕೊಳೋ ಎಣ್ಣೆ ಇದು.

ಕೊನೇದಾಗಿ ಆ ಎರಡು ವರ್ಷದ ಮಗು, ನಂಗೆ ನಿಮ್ಮ ಪತ್ರದಲ್ಲಿ ಜಾಸ್ತಿ ಚಿಂತೆ ಆಗಿದ್ದು ಅದ್ರದ್ದೇ. ಮಗುವಿನ ಮೈಗೆ, ಎದೆಗೆ, ಮೂಗಿಗೆ, ಹಬೆಗೆ ಯಾವ್ದಕ್ಕೂ ಈ ಎಣ್ಣೆ ಬೇಡ. ಇದು ಹೊಟ್ಟೆಗೆ ಹೋಗೋ ಎಣ್ಣೆ ಅಲ್ವೇ ಅಲ್ಲ, ದೊಡ್ಡೋರೂ ಬಾಯಿ ಹುಣ್ಣಿಗೆ ಅಂತ ಬಾಯಿಗೆ ಬಿಟ್ಕೋಬಾರ್ದು. ಒಂದೆರಡು ಟೀ ಸ್ಪೂನಿನಷ್ಟು ಕುಡಿದ ಮಕ್ಕಳು ಅರ್ಧ ಗಂಟೆಯಲ್ಲೇ ತೂರಾಡಿ, ಮಂಪರು ಬಂದು, ಪ್ರಜ್ಞೆ ತಪ್ಪಿರೋದು ವೈದ್ಯಕೀಯ ದಾಖಲೇಲಿದೆ. ಬಾಟ್ಲಿ ನೋಡೋಕೆ ಕಿವಿ ಡ್ರಾಪ್ಸು, ಮಗುವಿನ ಜ್ವರದ ಡ್ರಾಪ್ಸು ಇದ್ದ ಹಾಗೇ ಇರುತ್ತೆ, ರಾತ್ರಿ ಕರೆಂಟ್ ಇಲ್ದಾಗ ಕೈಗೆ ಸಿಕ್ಕಿದ್ದು ಹಾಕಿಬಿಡೋ ಅಪಾಯ ಇದೆ, ಔಷಧಿ ಡಬ್ಬೀಲಿ ಇಡ್ಲೇಬೇಡಿ, ಬೀರು ಒಳಗೆ ಬೀಗ ಹಾಕಿ ಇಡಿ.

ಆದ್ರೂ ಮಗು ಕುಡಿದುಬಿಟ್ರೆ ವಾಂತಿ ಮಾಡಿಸೋಕೆ ಹೋಗ್ಬೇಡಿ, ಬಾಯಿಗೆ ಬೆರಳು ಹಾಕೋದು, ಉಪ್ಪು ನೀರು ಕುಡಿಸೋದು ಯಾವ್ದೂ ಬೇಡ, ವಾಂತಿ ಆಗುವಾಗ ಎಣ್ಣೆ ಶ್ವಾಸಕೋಶಕ್ಕೆ ಇಳಿದ್ರೆ ನ್ಯುಮೋನಿಯಾ ಆಗುತ್ತೆ. ಬಾಯಿ ಒರೆಸಿ, 108ಕ್ಕೆ ಫೋನ್ ಮಾಡಿ ಇಲ್ಲಾ ಸಿಕ್ಕ ಗಾಡೀಲಿ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೊರಡಿ, ದಾರೀಲಿ ದೆಹಲಿ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ 1800 116 117ಕ್ಕೂ ಕರೆ ಮಾಡ್ಬೋದು, ಅದು ಟೋಲ್ ಫ್ರೀ. ಮಗು ಚೆನ್ನಾಗೇ ಆಡ್ತಿದೆ ಅಂತ ಮನೇಲಿ ಕಾಯ್ಬೇಡಿ. ಕಣ್ಣಿಗೆ ಸಿಡಿದಿದ್ರೆ ಹದಿನೈದು ನಿಮಿಷ ಹರಿಯೋ ನೀರಲ್ಲಿ ತೊಳೆದು ಆಮೇಲೆ ಹೊರಡಿ. ಎರಡ್ರಲ್ಲಿ ಯಾವ್ದಾದ್ರೂ ಸರಿ, ಬಾಟ್ಲಿ ಜೊತೆಗೇ ತಗೊಂಡ್ಹೋಗಿ, ಎಷ್ಟಿತ್ತು ಎಷ್ಟು ಉಳಿದಿದೆ ಅಂತ ಡ್ಯೂಟಿ ಡಾಕ್ಟ್ರಿಗೆ ತೋರಿಸಿ.